ಉಪ್ಪು ಬಿಟ್ಟ ಬೇಸಿಗೆ

ಹೋದ ತಿಂಗಳು ಕೊಪ್ಪದಲ್ಲಿ ನನ್ನ ತಂಗಿಯ ಮಗಳ ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನ ಇಟ್ಟಿದ್ದರು. ಆ ಹುಡುಗಿ ನನ್ನ ಕೈ ಹಿಡಿದು ತನ್ನ ಮೇಜಿನ ಹತ್ತಿರ ಎಳೆದುಕೊಂಡು ಹೋದಳು. ಗಾಜಿನ ಪುಟ್ಟ ಬುರುಡೆ, ಅದರ ಬಾಯಲ್ಲಿ ಬತ್ತಿ, ತುದಿಯಲ್ಲಿ ನೀಲಿ ಉರಿ. ಸ್ಪಿರಿಟ್ ದೀಪ. ಅದರ ಮೇಲೆ ಟೆಸ್ಟ್ ಟ್ಯೂಬ್ ಹಿಡಿದು ಏನೋ ಕಾಯಿಸುತ್ತಿದ್ದಳು. "ನೋಡು ದೊಡ್ಡಮ್ಮ, ಈಗ ಬಣ್ಣ ಬದಲಾಗ್ತದೆ" ಅಂದಳು. ನಾನು ಬಣ್ಣ ನೋಡಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಹೊರಗೆ ಕಟ್ಟೆಯ ಮೇಲೆ ಕೂತೆ. ಕೂರಲಾಗದೆ ಎದ್ದೆ. ಮತ್ತೆ ಕೂತೆ. ತಂಗಿ ನೀರು ತಂದು, "ಬಿಪಿ ಮಾತ್ರೆ ತಗಂಡಿದ್ಯಾ ಇಲ್ವಾ ಅಕ್ಕಾ?" ಎಂದು ಗದರಿದಳು.

ಬಿಪಿ ಅಲ್ಲ. ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಇಷ್ಟು ವರ್ಷ ಕಳೆದರೂ ಆ ಬೇಸಿಗೆ ನನ್ನನ್ನು ಒಂದು ಕಡೆ ಕೂರಲು ಬಿಡುವುದಿಲ್ಲ.

ಆಗ ನಾವು ನರಸಿಂಹರಾಜಪುರದಲ್ಲಿ, ಸಂತೆ ಮಾಳದ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಎಲ್ಲಿ ಮರ ಬಿತ್ತು, ಎಲ್ಲಿ ತಂತಿ ಹರಿಯಿತು ಎಂದು ಮುತ್ತಿನಕೊಪ್ಪದ ಕಡೆಯೋ ಹಿನ್ನೀರಿನ ಕಡೆಯೋ ಏಣಿ ಹೊತ್ತು ಅಲೆಯುವ ಕೆಲಸ. ಮನೆಯಲ್ಲಿ ನಾನು, ನಮ್ಮ ಒಬ್ಬಳೇ ಮಗಳು ರಂಜಿತಾ. ರಂಜು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು.

ರಂಜುವಿಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಂಡು ಎದ್ದಳು. ಇರುವೆ ಕಚ್ಚಿರಬೇಕು ಅಂದುಕೊಂಡೆ. ಮೂರು ದಿನಕ್ಕೆ ಕಾಲು ಊದಿತು, ಹೊಟ್ಟೆ ಊದಿತು, ಲಂಗದ ಲಾಡಿ ಕಟ್ಟಿದ ಕಡೆ ಬರೆಯಂಥ ಗುರುತು. ಕೊಪ್ಪದ ಮಕ್ಕಳ ಡಾಕ್ಟರು ನೋಡಿ ಕಿಡ್ನಿಯ ತೊಂದರೆ ಅಂದರು. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿ ಹೋಗುತ್ತದಂತೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ವಾಸಿಯಾಯಿತು. ಮಾತ್ರೆ ಕಡಿಮೆ ಮಾಡಿದರೆ ಮತ್ತೆ ಬಂತು. ಮತ್ತೆ ವಾಸಿ, ಮತ್ತೆ ಬಂತು. ಉಪ್ಪು ಮುಟ್ಟಿಸಬೇಡಿ ಅಂದರು, ಮುಟ್ಟಿಸಲಿಲ್ಲ. ಅವಳಿಗೆಂದೇ ಒಂದು ಪುಟ್ಟ ಪಾತ್ರೆಯಲ್ಲಿ ಬೇರೆ ಅಡಿಗೆ.

ಸೋರಿಕೆ ಎಷ್ಟಿದೆ ಎಂದು ಮನೆಯಲ್ಲೇ ನೋಡುವುದನ್ನು ಡಾಕ್ಟರು ನನಗೆ ಕಲಿಸಿಕೊಟ್ಟಿದ್ದರು. ಮಗುವಿನ ಬೆಳಗಿನ ಮೊದಲ ಮೂತ್ರವನ್ನು ಟೆಸ್ಟ್ ಟ್ಯೂಬಿನಲ್ಲಿ ಮುಕ್ಕಾಲು ತುಂಬಿ, ಮೇಲಿನ ಭಾಗವನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದು, ನಾಲ್ಕು ಹನಿ ವಿನೆಗರ್ ಬಿಡಬೇಕು. ತಿಳಿಯಾಗಿ ಉಳಿದರೆ ಒಳ್ಳೆಯದು. ಮಂಜು ಮುಸುಕಿದರೆ ಒಂದು ಪ್ಲಸ್. ಟ್ಯೂಬಿನ ಹಿಂದೆ ಹಿಡಿದ ಪೇಪರಿನ ಅಕ್ಷರ ಕಾಣದಿದ್ದರೆ ಎರಡು. ಒಡೆದ ಹಾಲಿನ ಹಾಗೆ ಗಟ್ಟಿ ಕಟ್ಟಿದರೆ ಮೂರು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಲೆಯ ಮೇಲೆ ಕಾಯಿಸಲು ನನಗೆ ಮನಸ್ಸು ಬರಲಿಲ್ಲ, ದೇವರ ನೈವೇದ್ಯ ಆಗುವ ಒಲೆ ಅದು. ಹಿತ್ತಿಲ ಜಗಲಿಯಲ್ಲಿ, ಬಚ್ಚಲಿನ ಪಕ್ಕ ಕೂತು ಆ ದೀಪ ಹಚ್ಚುತ್ತಿದ್ದೆ. ಆಮೇಲೆ ಸ್ನಾನ ಮಾಡಿ ಒಳಗೆ ಬಂದು ದೇವರ ದೀಪ. "ನಮ್ಮನೇಲಿ ಮೊದ್ಲು ಲ್ಯಾಬ್ ಓಪನ್ನು, ಆಮೇಲೆ ದೇವಸ್ಥಾನ" ಎಂದು ಇವರು ನಗಿಸಲು ನೋಡುತ್ತಿದ್ದರು.

ನನಗೊಂದು ಅಭ್ಯಾಸ, ನನ್ನ ಅಮ್ಮನಿಂದ ಬಂದದ್ದು. ತುಳಸಿ ಕಟ್ಟೆಗೆ ಸುತ್ತು ಬರುವಾಗ ಸುತ್ತಿಗೊಂದು ಉಪಕಾರ ನೆನೆಯುವುದು. ನಿನ್ನೆ ನಲ್ಲಿಯಲ್ಲಿ ನೀರು ಬಂತು, ಒಂದು. ಇವರು ಕಂಬದಿಂದ ಇಳಿದು ಮನೆಗೆ ಬಂದರು, ಎರಡು. ರಂಜು ಅರ್ಧ ದೋಸೆ ತಿಂದಳು, ಮೂರು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಟ್ಯೂಬಿನಲ್ಲಿ ಮೂರು ಪ್ಲಸ್ ಬಂದದ್ದು ಕೆಳಗಿಳಿಯಲೇ ಇಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಮೂರನೇ ಸುತ್ತಿಗೆ ಏನು ನೆನೆಯಬೇಕೆಂದು ಗೊತ್ತಾಗದೆ ಸುಮ್ಮನೆ ಸುತ್ತುತ್ತಿದ್ದೆ.

ಅದೇ ಹೊತ್ತಿಗೆ ರಂಜು ನಿಧಾನವಾಗತೊಡಗಿದಳು.

ಒಂದೇ ದಿನ ಆದದ್ದಲ್ಲ, ಹಾಗಾಗಿ ಕಾಣಲಿಲ್ಲ. ಕರೆದರೆ ಸ್ವಲ್ಪ ಹೊತ್ತು ಬಿಟ್ಟು "ಆಂ?" ಅನ್ನುವಳು. ಒಂದು ತುತ್ತು ಬಾಯಿಗೆ ಹೋಗಿ ಇನ್ನೊಂದು ಹೋಗುವಷ್ಟರಲ್ಲಿ ನಾನು ಪಾತ್ರೆ ತೊಳೆದು ಬಂದಿರುತ್ತಿದ್ದೆ. ಜಡೆ ಹೆಣೆದರೆ ಕೂದಲು ಕೈಗೇ ಬರುತ್ತಿತ್ತು. ಮೈ ಒರಟು. ಬಿದ್ದ ಹಾಲುಹಲ್ಲಿನ ಜಾಗದಲ್ಲಿ ಹೊಸದು ಹುಟ್ಟಿರಲಿಲ್ಲ. ದನಿ ಗೊಗ್ಗರು. ಎರಡು ದಿನಕ್ಕೊಮ್ಮೆ ಕೂಡ ಹೊಟ್ಟೆ ಸರಿಯಾಗಿ ಹೋಗದು. ಪರೀಕ್ಷೆಯಲ್ಲಿ ಅರ್ಧ ಪೇಪರು ಖಾಲಿ ಕೊಟ್ಟು ಬಂದಳು. "ಬರ್ತಿತ್ತು ಅಮ್ಮಾ, ಬರೆಯೋಷ್ಟರಲ್ಲಿ ಬೆಲ್ ಹೊಡೆದ್ರು" ಅಂದಳು. ಅಳಲೂ ಇಲ್ಲ. ಎಲ್ಲದಕ್ಕೂ ನಮ್ಮ ಹತ್ತಿರ ಒಂದು ಉತ್ತರ ಸಿದ್ಧವಿತ್ತು, ಕಿಡ್ನಿ. ಕಿಡ್ನಿಯ ಕಾಯಿಲೆ ಸುಸ್ತು ಮಾಡುತ್ತದೆ, ಸ್ಟೀರಾಯ್ಡ್ ಮುಖ ಊದಿಸುತ್ತದೆ, ಬೆಳವಣಿಗೆ ನಿಲ್ಲಿಸುತ್ತದೆ. ಬಂದದ್ದನ್ನೆಲ್ಲ ಆ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೆವು.

ಯುಗಾದಿಯ ಮಾರನೇ ದಿನ ಅವಳನ್ನು ಶೃಂಗೇರಿಗೆ ಕರೆದುಕೊಂಡು ಹೋದೆ. ಅಮ್ಮನವರ ಎದುರು ಅಕ್ಷರ ಬರೆಸಿದ್ದ ಮಗು. ಅಲ್ಲಿ ಸೆರಗೊಡ್ಡಿ ಹರಕೆ ಹೇಳಿಕೊಂಡೆ: ಇವಳು ಎಲ್ಲರ ಹಾಗೆ ಉಣ್ಣುವ ತನಕ ನಾನೂ ಉಪ್ಪು ಮುಟ್ಟುವುದಿಲ್ಲ ತಾಯಿ. ಹೇಳಿಕೊಂಡ ಮೇಲೆ ಊಟದ ಸಾಲಿನಲ್ಲಿ ಕೂರುವ ಹಾಗಿರಲಿಲ್ಲ, ಅವಳನ್ನೂ ಕೂರಿಸುವ ಹಾಗಿರಲಿಲ್ಲ. ಪ್ರಸಾದ ಬಿಟ್ಟು ಬಂದೆನಲ್ಲ ಎಂದು ಕಸಿವಿಸಿಪಡುತ್ತಾ ಹೊಳೆಯ ಮೆಟ್ಟಿಲಿನ ಮೇಲೆ ಬುತ್ತಿ ಬಿಚ್ಚಿದೆ. ತುಂಗೆಯ ಮೀನುಗಳು ಮಂಡಕ್ಕಿಗೆ ಒಂದರ ಮೇಲೊಂದು ಬೀಳುತ್ತಿದ್ದವು. ಬೇರೆ ಮಕ್ಕಳೆಲ್ಲ ಕಿರುಚುತ್ತಿದ್ದರು. ರಂಜು ಮಂಡಕ್ಕಿಯ ಪೊಟ್ಟಣ ಕೈಯಲ್ಲಿ ಹಿಡಿದು ನೀರಿನ ಕಡೆ ನೋಡದೆ ಬಿಸಿಲಿನ ಕಡೆ ಮುಖ ಮಾಡಿ ಕೂತಿದ್ದಳು. ಮೈಮೇಲೆ ಸ್ವೆಟರು.

ಬೇಗಾರಿನ ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಮಗುವಿಗೆ ಗಾಳಿ ಬೀಸುತ್ತಾ ಕೂತಿದ್ದವಳು, "ಎಂತ, ಜ್ವರವ ಕೂಸಿಗೆ? ಈ ಶೆಕೆಲಿ ಉಣ್ಣೆ ಅಂಗಿ ಹಾಕ್ಸಿದೀರಲೆ" ಅಂದಳು.

"ಜ್ವರ ಇಲ್ಲ. ಅವ್ಳಿಗೆ ಚಳಿ ಅಂತೆ."

"ಚಳಿಯಾ!" ಎಂದು ಅವಳು ರಂಜುವಿನ ಕೈ ಮುಟ್ಟಿ ನೋಡಿದಳು. "ಅಯ್ಯಬ್ಬ, ಹೊಳೆಕಲ್ಲು ಇದ್ದ ಹಂಗಿದೆ. ಡಾಕ್ಟ್ರಿಗೆ ತೋರ್ಸಿ ಮಾರಾಯ್ತಿ."

ಡಾಕ್ಟರಿಗೆ ತೋರಿಸದೆ ಬಿಟ್ಟ ದಿನ ಯಾವುದಿತ್ತು ನನಗೆ? ಸಿಟ್ಟು ಬಂತು. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಆ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ನೋಡಿದೆ. ಎಲ್ಲರೂ ಬೆವರು ಒರೆಸಿಕೊಳ್ಳುವ ಬಸ್ಸಿನಲ್ಲಿ ಆ ಕೈ ಬೆಚ್ಚಗಾಗಲಿಲ್ಲ. ಕೊಪ್ಪದಲ್ಲಿ ಬಸ್ಸು ಬದಲಿಸುವುದಿತ್ತು. ಬದಲಿಸಲಿಲ್ಲ, ನೇರ ಡಾಕ್ಟರ ಹತ್ತಿರ ಹೋದೆ. ಅಪರಿಚಿತ ಬಾಯಿಂದ ಅಮ್ಮನವರೇ ಹೇಳಿಸಿದರು ಎಂದು ಈಗಲೂ ನಂಬಿದ್ದೇನೆ.

ಡಾಕ್ಟರು ಸ್ವೆಟರು ನೋಡಿದವರೇ ಪೆನ್ನು ಕೆಳಗಿಟ್ಟರು. "ಇದು ಯಾವಾಗಿಂದಮ್ಮ?" ಅಂದರು. ನಾನು ಹೇಳುತ್ತಾ ಹೋದೆ. ಕೂದಲು, ದನಿ, ಹೊಟ್ಟೆ, ಖಾಲಿ ಪೇಪರು. ಹೇಳುತ್ತಾ ಹೋದ ಹಾಗೆ ನನಗೇ ಅಂಜಿಕೆಯಾಯಿತು, ಇಷ್ಟೆಲ್ಲ ಇತ್ತೇ ಎಂದು. ಅವರು ಅವಳ ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಸ್ವಲ್ಪ ಹೊತ್ತು ಯೋಚಿಸಿ ಎದ್ದ ಹಾಗೆ ಎದ್ದಿತು. ರಕ್ತ ತೆಗೆದು ಪರೀಕ್ಷೆಗೆ ಘಟ್ಟದ ಕೆಳಗೆ ಕಳಿಸಿದರು. ವರದಿ ಬಸ್ಸಿನಲ್ಲಿ ಬರಲು ನಾಲ್ಕು ದಿನ.

ಥೈರಾಯಿಡ್ ಕಡಿಮೆ, ತುಂಬಾ ಕಡಿಮೆ ಅಂತ ವರದಿ. "ಕಿಡ್ನಿ ಮಕ್ಕಳಲ್ಲಿ ಹೀಗೂ ಆಗುತ್ತೆ. ಒಂದು ಮಾತ್ರೆ ಬರೀತೀನಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಒಂದೂವರೆ ಎರಡು ತಿಂಗಳು ಬೇಕು ಗುಣ ಕಾಣೋಕೆ" ಅಂದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಯಾಕೆ ಕಡಿಮೆಯಾಯಿತು ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಕೇಳದೆ ಬಂದದ್ದಕ್ಕೆ ಉತ್ತರ ನಮ್ಮ ಬೀದಿಯಲ್ಲೇ ಸಿಕ್ಕಿತು.

ಪಕ್ಕದ ಮನೆಯ ಗಿರಿಜಕ್ಕ ಅಂಗನವಾಡಿ ಟೀಚರು. ನನಗಿಂತ ಹತ್ತು ವರ್ಷ ದೊಡ್ಡವಳು, ರಂಜುವನ್ನು ಎತ್ತಿ ಆಡಿಸಿದವಳು. ಥೈರಾಯಿಡ್ ಅಂದದ್ದೇ ಕೆನ್ನೆಗೆ ಕೈ ಇಟ್ಟುಕೊಂಡಳು. "ಗಳಗಂಡದ ಜಾತಿದು ಕಣೇ ಅದು! ನಮ್ಗೆ ಟ್ರೈನಿಂಗಲ್ಲಿ ಹೇಳಿದಾರೆ. ಅಯೋಡಿನ್ ಇಲ್ಲಾಂದ್ರೆ ಬರೋದು. ಉಪ್ಪಿಂದಲೇ ಅಯೋಡಿನ್ ಸಿಗೋದು. ನೀನು ಮಗೀಗೆ ಎಂಥ ಉಪ್ಪು ಹಾಕ್ತೀಯ?"

"ಉಪ್ಪೇ ಹಾಕಲ್ಲ ಅಲ್ದಾ ಗಿರಿಜಕ್ಕ. ಎರಡು ವರ್ಷ ಆಯ್ತು."

ಅವಳು ಕೂಡಲೇ ಎದ್ದಳು. ಮನೆಗೆ ಹೋಗಿ ಒಂದು ಸಣ್ಣ ಬಾಟಲಿ ತಂದಳು. ಉಪ್ಪು ಪರೀಕ್ಷೆ ಮಾಡಲು ಅಂಗನವಾಡಿಯವರಿಗೆ ಕೊಡುತ್ತಿದ್ದ ಔಷಧಿ. ನನ್ನ ಭರಣಿಯಿಂದ ಹರಳುಪ್ಪು ತೆಗೆದು ಅದರ ಮೇಲೆ ಒಂದು ಹನಿ ಬಿಟ್ಟಳು. ಏನೂ ಆಗಲಿಲ್ಲ. ತನ್ನ ಪ್ಯಾಕೆಟ್ಟಿನ ಪುಡಿ ಉಪ್ಪಿನ ಮೇಲೆ ಬಿಟ್ಟಳು. ನೇರಳೆ ಹಣ್ಣಿನ ಬಣ್ಣ ಬಂತು.

"ನೋಡ್ದ್ಯಾ? ಇದ್ರಲ್ಲಿ ಇದೆ, ಅದ್ರಲ್ಲಿ ಇಲ್ಲ. ನಿನ್ನ ಮಗೀಗೆ ಇದೂ ಇಲ್ಲ, ಅದೂ ಇಲ್ಲ."

ಅವಳು ಹೇಳಿದ್ದು ಅಷ್ಟೇ. ಉಪ್ಪು ಹಾಕು ಎಂದು ಹೇಳಲಿಲ್ಲ. "ಡಾಕ್ಟ್ರನ್ನ ಒಂದ್ಸಲ ಕೇಳು" ಎಂದೇ ಹೇಳಿ ಹೋದಳು. ಮುಂದಿನದೆಲ್ಲ ನಾನು ಮಾಡಿದ್ದು. ಆ ಬಣ್ಣ ಕಣ್ಣಿನಿಂದ ಹೋಗಲಿಲ್ಲ. ನನ್ನ ಅಜ್ಜಿಯ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಇತ್ತು. ನಾನು ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಆಡುತ್ತಿದ್ದೆ. ಶೃಂಗೇರಿ, ಕೊಪ್ಪದ ಕಡೆಯ ಎಷ್ಟೋ ಮುದುಕಿಯರ ಕತ್ತಿನಲ್ಲಿ ಅಂಥದ್ದನ್ನು ನೋಡಿದ್ದೆ. ನಮ್ಮ ಶಾಲೆಯ ಪುಸ್ತಕದಲ್ಲೂ ಇತ್ತು, ಅಯೋಡಿನ್ ಕೊರತೆಯಿಂದ ಗಳಗಂಡ. ಒಂದು ಅಂಕದ ಪ್ರಶ್ನೆ, ನಾನು ಸರಿಯಾಗಿ ಬರೆದಿದ್ದೆ. ಈಗ ನನ್ನ ಕೈಯಾರೆ, ಎರಡು ವರ್ಷ ಉಪ್ಪು ಬಿಡಿಸಿ, ಮಗಳನ್ನು ಕಲ್ಲು ಮಾಡಿದೆನಲ್ಲ. ದಿನವಿಡೀ ಮನೆಯೊಳಗೆ ಅತ್ತಿಂದಿತ್ತ ನಡೆದೆ. ಕಿಡ್ನಿ ಉಪ್ಪು ಬೇಡ ಅನ್ನುತ್ತದೆ, ಕತ್ತು ಉಪ್ಪು ಬೇಕು ಅನ್ನುತ್ತದೆ. ಒಂದೇ ಬಾಯಿ ಇರುವ ಮಗುವಿಗೆ ಏನು ಹಾಕಲಿ?

ಡಾಕ್ಟರನ್ನು ಕೇಳಬಹುದಿತ್ತು. ಅಂಗಡಿ ಬೀದಿಯಲ್ಲಿ ಫೋನ್ ಬೂತ್ ಇತ್ತು. ಒಮ್ಮೆ ಅಲ್ಲಿಯವರೆಗೆ ಹೋಗಿ ವಾಪಸು ಬಂದೆ. ಕೇಳಿದರೆ ಬೇಡ ಅಂದುಬಿಟ್ಟರೆ? ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಸರಿ ಮಾಡುವ ಕೆಲಸವೂ ನನ್ನದೇ ಅನ್ನಿಸಿತ್ತು.

ಮಾರನೇ ದಿನ ರಂಜುವಿನ ಪುಟ್ಟ ಪಾತ್ರೆಗೆ ಪ್ಯಾಕೆಟ್ ಉಪ್ಪು ಒಂದು ಚಿಟಿಕೆ ಹಾಕಿದೆ. ನಮ್ಮಲ್ಲಿ ದೇವರಿಗಿಡುವ ಮುಂಚೆ ಅಡಿಗೆಯ ರುಚಿ ನೋಡುವ ಪದ್ಧತಿ ಇಲ್ಲ, ಕೈ ಅಳತೆಯೇ ಅಳತೆ. ಇಟ್ಟ ಮೇಲೆ ನೋಡೋಣವೆಂದರೆ ನಾನು ಉಪ್ಪು ಬಿಟ್ಟವಳು. ಹಾಗಾಗಿ ಎಷ್ಟು ಹಾಕುತ್ತಿದ್ದೇನೆಂದು ನನ್ನ ನಾಲಿಗೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಗೊತ್ತಾದದ್ದು ರಂಜುವಿನ ತಟ್ಟೆಯಿಂದ. ಎಷ್ಟೋ ತಿಂಗಳ ಮೇಲೆ ಆ ದಿನ ಅವಳು ಅನ್ನ ಪೂರ್ತಿ ಉಂಡಳು. ಬೆರಳು ನೆಕ್ಕಿದಳು.

"ಅಮ್ಮಾ, ಇವತ್ತು ತೊವ್ವೆ ಚೆನ್ನಾಗಿದೆ."

ನನ್ನ ಕಣ್ಣು ತುಂಬಿತು. ತಾಯಿ ದಾರಿ ತೋರಿಸಿದಳು ಅಂದುಕೊಂಡೆ. ಮಾರನೇ ದಿನ ಎರಡು ಚಿಟಿಕೆ. ಆಮೇಲೆ ಅರ್ಧ ಚಮಚ. ತುಳಸಿ ಕಟ್ಟೆಯ ಮೂರನೇ ಸುತ್ತಿಗೆ ಮತ್ತೆ ನೆನೆಯಲು ಸಿಕ್ಕಿತು, ರಂಜು ಉಂಡಳು. ಇವರಿಗೆ ಹೇಳಲಿಲ್ಲ. ಬೆಳಗಿನ ಜಾವ ಡಾಕ್ಟರು ಬರೆದ ಮಾತ್ರೆಯನ್ನೂ ತಪ್ಪದೆ ಕೊಡುತ್ತಿದ್ದೆ, ಆದರೆ ಅದರ ಮೇಲೆ ನನಗೆ ಅಂಥ ನಂಬಿಕೆ ಇರಲಿಲ್ಲ. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅದೇನು ಮಾಡೀತು ಅನ್ನುವ ಹಾಗೆ.

ಎಂಟನೇ ದಿನ ಅವಳ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಹತ್ತನೇ ದಿನ ಕಣ್ಣು ಪೂರ್ತಿ ತೆರೆಯಲಾಗಲಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿದು, ಎರಡು ಹೆಜ್ಜೆಗೆ ಏದುಸಿರು. ಊದಿಕೊಂಡ ಆ ಮುಖದಲ್ಲಿ, ನಿಧಾನದ ಆ ದನಿಯಲ್ಲಿ, "ಅಮ್ಮಾ, ತೊವ್ವೆ ಅನ್ನ" ಅಂದಳು. ನಾನು ಪ್ಯಾಕೆಟ್ಟನ್ನು ಹಿತ್ತಿಲ ಮಣ್ಣಿಗೆ ಸುರಿದೆ. ಆದರೂ ಬಾಯಿ ಬಿಡಲಿಲ್ಲ.

ಹಿಂದಿನ ದಿನದ ಗಾಳಿಗೆ ಹಲವು ಕಡೆ ಲೈನು ಬಿದ್ದಿದ್ದರೂ ಇವರು ರಜೆ ಹಾಕಿ ಕೊಪ್ಪಕ್ಕೆ ಜೊತೆಗೆ ಬಂದರು. ಬಸ್ಸಿಳಿದ ಮೇಲೆ ರಂಜುವನ್ನು ಹೊತ್ತುಕೊಂಡೇ ನಡೆದರು. ಡಾಕ್ಟರು ತೂಕ ನೋಡಿದರು. ಎರಡು ವಾರದಲ್ಲಿ ನಾಲ್ಕು ಕೇಜಿ. ನನ್ನ ನೋಟ್‌ಬುಕ್ ತಿರುವಿದರು. "ಮೂರು ಪ್ಲಸ್, ಮೂರು ಪ್ಲಸ್... ಸೋರಿಕೆ ಜಾಸ್ತಿ ಆಗಿಲ್ಲ. ಊತ ಮಾತ್ರ ಯಾಕೆ ಹೀಗೆ ಏರ್ತು?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ ತಿರುವಿದರು. ನನ್ನ ಕೈ ಸೆರಗಿನ ತುದಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ಊಟದಲ್ಲಿ ಏನಾದ್ರೂ ಬದಲಾಯ್ತಾ? ಉಪ್ಪಿನಕಾಯಿ, ಹಪ್ಪಳ, ನೆಂಟರ ಮನೆ ಊಟ?"

ನಾನು ಬಾಯಿ ತೆರೆಯುವ ಮೊದಲೇ ಇವರು ಅಂದರು: "ಛೆ, ಇಲ್ಲ ಡಾಕ್ಟ್ರೇ. ಉಪ್ಪಿನ ವಿಷಯದಲ್ಲಿ ನಮ್ಮನೆಯವ್ಳು ಭಾರೀ ಸ್ಟ್ರಿಕ್ಟು. ಮಗಳು ತಿನ್ನಲ್ಲ ಅಂತ ತಾನೇ ಉಪ್ಪು ಬಿಟ್ಟಿದಾಳೆ. ಅಂಥವ್ಳು."

ಅವರ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಬಗ್ಗೆ ಅವರು ಬೇರೆಯವರೆದುರು ಹಾಗೆ ಮಾತಾಡಿದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಡಾಕ್ಟರು ತಲೆಯಾಡಿಸಿ ಪತ್ರ ಬರೆಯಲು ಶುರು ಮಾಡಿದರು. "ಹಾಗಾದ್ರೆ ಕಾಯೋದು ಬೇಡ. ಇವತ್ತೇ ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಅಡ್ಮಿಟ್ ಮಾಡಿ. ಕಾರಣ ಗೊತ್ತಾಗದೆ ಹೀಗೆ ಊತ ಏರ್ತಿದೆ ಅಂದ್ರೆ ಬೆನ್ನಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡ್ಬೇಕಾಗ್ಬೋದು. ಇನ್ನೂ ಜೋರಿನ ಔಷಧಿ ಬೇಕಾಗ್ಬೋದು."

ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ರಂಜು ಅಪ್ಪನ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಬೆನ್ನಿಂದ ಸೂಜಿ ಅನ್ನುವ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ, ಆ ಬೆನ್ನು ಅಲುಗಲಿಲ್ಲ. ಕಾರಣ ಈ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದೆ, ಅದನ್ನು ಹುಡುಕಲು ನನ್ನ ಮಗುವಿನ ಬೆನ್ನು ಚುಚ್ಚುತ್ತಾರೆ.

"ನಾನು ಹಾಕಿದೆ" ಅಂದೆ.

"ಏನು?"

"ಉಪ್ಪು. ಹತ್ತು ದಿನ. ಅಯೋಡಿನ್ ಉಪ್ಪು. ಥೈರಾಯಿಡಿಗೆ ಅಂತ ಹಾಕಿದೆ. ಉಪ್ಪು ಬಿಡ್ಸಿದ್ದಕ್ಕೇ ಅವ್ಳಿಗೆ ಥೈರಾಯಿಡ್ ಬಂತು ಅಂತ..."

ಇವರು ನನ್ನ ಕಡೆ ತಿರುಗಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಬೈಯುತ್ತಾರೆಂದು ಕಾದೆ. ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು.

"ಎಷ್ಟು ಹಾಕಿದ್ರಿ?"

"ಕೊನೆಗೆ ಅರ್ಧ ಚಮಚ. ರುಚಿ ನೋಡ್ಲಿಲ್ಲ."

"ನಿಮ್ಗೆ ಇದನ್ನ ಹೇಳಿದ್ದು ಯಾರು?"

"ಯಾರೂ ಇಲ್ಲ. ನಾನೇ." ಗಿರಿಜಕ್ಕನ ಹೆಸರು ಬಾಯಿಗೆ ಬಂದಿತ್ತು, ನುಂಗಿದೆ.

ಹೊರಗೆ ಕಾಯುವವರು ಕಾಯಲಿ ಎಂದು ಅವರು ಬಾಗಿಲು ಹಾಕಿಸಿದರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಮಾತಿಗೆ ಮಾತು ನೆನಪಿದೆ. "ನೋಡಿಯಮ್ಮ, ಕತ್ತಿನ ಗ್ರಂಥಿ ತನ್ನ ಕೆಲಸ ಮಾಡ್ತಾನೇ ಇದೆ. ಅದು ತಯಾರು ಮಾಡಿದ ಹಾರ್ಮೋನು ರಕ್ತದಲ್ಲಿ ಒಂಟಿಯಾಗಿ ಓಡಾಡಲ್ಲ, ಪ್ರೋಟೀನಿನ ಹೆಗಲ ಮೇಲೆ ಕೂತು ಓಡಾಡುತ್ತೆ. ಇವಳಿಗೆ ಆ ಪ್ರೋಟೀನೇ ಕಿಡ್ನಿಯಿಂದ ಸೋರಿ ಹೋಗ್ತಿದೆ. ಹೊತ್ತವನು ಹಳ್ಳಕ್ಕೆ ಬಿದ್ರೆ ಹೆಗಲ ಮೇಲೆ ಕೂತವನೂ ಹೋದ ಹಾಗೆ. ದಿನಾ ಬೆಳಿಗ್ಗೆ ನೀವು ಟ್ಯೂಬಲ್ಲಿ ನೋಡ್ತಿದ್ರಲ್ಲ ಒಡೆದ ಹಾಲಿನ ಹಾಗೆ, ಥೈರಾಯಿಡೂ ಅದ್ರ ಜೊತೇಲೇ ಹೋಗ್ತಿತ್ತು. ತಿಂಗಳುಗಟ್ಟಲೆ ಹೋಯ್ತು, ಗ್ರಂಥಿ ಹೊಂದಿಸಲಾರದೆ ಸೋತಿತು. ಇದಕ್ಕೆ ಬೇಕಿರೋದು ಅಯೋಡಿನ್ ಅಲ್ಲ, ಹೋದಷ್ಟನ್ನ ತುಂಬಿಕೊಡೋ ಮಾತ್ರೆ. ಸೋರೋದು ನಿಂತ್ರೆ ಮಾತ್ರೆಯೂ ಬೇಡವಾಗ್ಬೋದು."

"ಹಾಗಾದ್ರೆ ನಾನು ಉಪ್ಪು ಬಿಡ್ಸಿದ್ದು..."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಬಿಡ್ಸಿದ್ದು ಸರಿ. ಹಾಕಿದ್ದು ತಪ್ಪು." ಕನ್ನಡಕ ಮತ್ತೆ ಹಾಕಿಕೊಂಡು ಅಂದರು, "ಮಾತ್ರೆ ಬರೆದ ದಿನವೇ ನಾನು ಇಷ್ಟು ಹೇಳ್ಬೇಕಿತ್ತು. ಅದು ನನ್ನ ಪಾಲಿಂದು."

ಬರೆದ ಪತ್ರವನ್ನು ಮಡಚಿ ಪಕ್ಕಕ್ಕಿಟ್ಟರು. ಮೂತ್ರ ಇಳಿಯುವ ಔಷಧಿ ಕೊಟ್ಟು, ನಾಲ್ಕು ದಿನ ಅಲ್ಲೇ ಕೊಪ್ಪದಲ್ಲಿ ಇರಿಸಿಕೊಂಡು ದಿನಾ ತೂಕ ನೋಡುತ್ತೇನೆ, ಇಳಿಯದಿದ್ದರೆ ಮಾತ್ರ ಘಟ್ಟ ಅಂದರು.

ಇಳಿಯಿತು. ಮೊದಲ ದಿನ ಅರ್ಧ ಕೇಜಿ, ಮಾರನೇ ದಿನ ಒಂದು. ಆ ನಾಲ್ಕು ದಿನವೂ ಇವರು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ, ರಂಜು ನಮ್ಮಿಬ್ಬರ ನಡುವೆ ನಿದ್ದೆ ಹೋದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಅಂದರು: "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಿದ್ದೆ."

ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಅಲ್ಲಿ ಹೇಳಿದ್ಯಲ್ಲ. ನಾನಾಗಿದ್ರೆ ಹೇಳ್ತಿರ್ಲಿಲ್ವೇನೋ" ಅಂದರು. ಅವತ್ತಿನ ಉಪಕಾರದ ಲೆಕ್ಕದಲ್ಲಿ ಅದು ಮೊದಲನೆಯದು.

ಗಿರಿಜಕ್ಕ ವಿಷಯ ತಿಳಿದು ಓಡಿ ಬಂದು ಅತ್ತಳು. ನಾನೇ ಸಮಾಧಾನ ಮಾಡಿದೆ. ಅವಳು ಹೇಳಿದ್ದು ಊರಿಗೆ ಸರಿಯಾದ ಮಾತು, ನಮ್ಮ ಮನೆಯ ಒಂದು ಮಗುವಿಗೆ ಸರಿಯಾಗಲಿಲ್ಲ, ಅಷ್ಟೇ.

ಆಮೇಲೆ ಕಾಯುವ ಕೆಲಸ. ಮೇ ತಿಂಗಳಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದೆವು. ಬೆನ್ನಿಗೆ ಸೂಜಿ ಹಾಕಲಿಲ್ಲ, ಕಿಡ್ನಿಗೆ ಹೊಸ ಔಷಧಿಯೊಂದು ಬರೆದರು. ಟ್ಯೂಬಿನಲ್ಲಿ ಮೂರು ಎರಡಾಯಿತು, ಎರಡರಲ್ಲೇ ನಿಂತಿತು. ಥೈರಾಯಿಡ್ ಮಾತ್ರೆಯನ್ನು ರಂಜು ಎದ್ದ ಕೂಡಲೇ, ಯಾವ ದೀಪವನ್ನೂ ಹಚ್ಚುವ ಮೊದಲು, ನೀರಿನ ಜೊತೆ ಬಾಯಿಗೆ ಹಾಕುತ್ತಿದ್ದೆ. ದಿನಾ ಅವಳ ಮುಖ ನೋಡುವುದು. ಕೈ ಮುಟ್ಟುವುದು. ಹೆಸರು ಕರೆದು ಎಷ್ಟು ಹೊತ್ತಿಗೆ "ಆಂ" ಅನ್ನುತ್ತಾಳೆಂದು ಎಣಿಸುವುದು. ಸುಮ್ಮಸುಮ್ಮನೆ ಕರೆಯುತ್ತಿದ್ದೆ. ಅಡಿಗೆ ಮನೆಯಿಂದ ಕರೆಯುವೆ, ಬಾವಿ ಕಟ್ಟೆಯಿಂದ ಕರೆಯುವೆ. ಎಣಿಕೆ ಕಡಿಮೆಯಾಯಿತು ಅನ್ನಿಸುವುದು, ನನ್ನ ಭ್ರಮೆ ಅನ್ನಿಸುವುದು. ಇವರನ್ನು ಕೇಳಿದರೆ, "ನೀನು ದಿನಾ ಗಿಡ ಕಿತ್ತು ಬೇರು ಬಂತಾ ಅಂತ ನೋಡ್ತಿದೀಯ" ಅನ್ನುತ್ತಿದ್ದರು. ಮಾತ್ರೆ ಹಿಡಿಯದಿದ್ದರೆ? ಕಾಣುವುದು ತಡವಾಯಿತೇ? ಕಳೆದ ತಿಂಗಳುಗಳು ಅವಳ ತಲೆಯಲ್ಲಿ ಹಾಗೇ ಉಳಿದುಬಿಟ್ಟರೆ? ಮಗು ಬದುಕುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಬೇಕಾಗಿದ್ದದ್ದು ಮೀನು ನೋಡಿ ಕಿರುಚುವ ಮಗು.

ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಜುಲೈಯಲ್ಲಿ ಮತ್ತೆ ರಕ್ತ ಪರೀಕ್ಷೆಗೆ ಕೊಪ್ಪಕ್ಕೆ ಹೋದೆವು, ನಾನೂ ಅವಳೂ.

ಲ್ಯಾಬಿನವನು ಎರಡು ವರ್ಷದಿಂದ ಅವಳನ್ನು ಬಲ್ಲವನು. ಎಷ್ಟೋ ಸಲ ರಕ್ತ ತೆಗೆದಿದ್ದ. ರಂಜು ಎಂದೂ ಕೈ ಎಳೆದುಕೊಂಡವಳಲ್ಲ. ಮೊದಮೊದಲು ಕಣ್ಣು ಮುಚ್ಚಿಕೊಂಡು ತಡೆಯುತ್ತಿದ್ದಳು, ಆ ವರ್ಷವಂತೂ ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಾ ಕೂರುತ್ತಿದ್ದಳು. ಅವನು ಎಂದಿನ ಹಾಗೆ ರಬ್ಬರು ಕಟ್ಟಿ, "ನಮ್ಮ ರಂಜು ಜಾಣೆ, ಇವ್ಳಿಗೆ ನೋವೇ ಆಗಲ್ಲ" ಅಂದ.

"ಆಗುತ್ತೆ" ಅಂದಳು ರಂಜು.

ಅವನು ನಕ್ಕು ಸೂಜಿ ಚುಚ್ಚಿದ. ನರ ಸಿಗಲಿಲ್ಲ. ತೆಗೆದು ಇನ್ನೊಂದು ಕಡೆ ಚುಚ್ಚಿದ. ಅಲ್ಲೂ ಸಿಗಲಿಲ್ಲ. ಮೂರನೇ ಸಲ ಸೂಜಿ ಹತ್ತಿರ ತಂದದ್ದೇ ಅವಳು ಬಗ್ಗಿ ಅವನ ಮುಂಗೈಗೆ ಬಾಯಿ ಹಾಕಿದಳು. ಬಿಡಿಸಲು ಹೋದರೆ ಕಾಲಿನಿಂದ ಸ್ಟೂಲು ಒದ್ದಳು. ಟ್ರೇ ಉರುಳಿತು. ಹೊರಗೆ ಕೂತವರೆಲ್ಲ ಬಾಗಿಲಿಗೆ ಬಂದರು. "ನೋವಾಗುತ್ತೆ ಅಂದ್ನಲ್ಲ! ಅಂದ್ನಲ್ಲ ನಾನು! ಕಿವಿ ಕೇಳಲ್ವಾ ನಿಮ್ಗೆ?" ಎಂದು ಆ ಸಣ್ಣ ಕೋಣೆ ಒಡೆಯುವ ಹಾಗೆ ಕಿರುಚಿದಳು. ದನಿಯಲ್ಲಿ ಗೊಗ್ಗರಿರಲಿಲ್ಲ.

"ಏನ್ರೀ ಅಮ್ಮ ಇದು, ನಾಯಿ ಮರಿ ಸಾಕಿದೀರಾ? ನೋಡಿ ಇಲ್ಲಿ!" ಎಂದು ಲ್ಯಾಬಿನವನು ಮುಂಗೈಯನ್ನು ನನ್ನ ಮುಖದ ಹತ್ತಿರ ತಂದ. ನಾನು ಕ್ಷಮೆ ಕೇಳಬೇಕಿತ್ತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಕೆಂಪಗೆ, ಹಲ್ಲಿನ ಸಾಲು ಒಂದೊಂದಾಗಿ ಮೂಡಿತ್ತು. ರಂಜುವಿಗೆ ಮೇಲಿನ ಸಾಲಿನಲ್ಲಿ ಹಾಲುಹಲ್ಲು ಬಿದ್ದ ಜಾಗವೊಂದು ವರ್ಷದಿಂದ ಖಾಲಿಯೇ ಇತ್ತು. ಅವನ ಕೈಯಲ್ಲಿ ಆ ಜಾಗ ಖಾಲಿ ಇರಲಿಲ್ಲ. ಉಳಿದವುಗಳಿಗಿಂತ ಸಣ್ಣದಾಗಿ, ಚೂಪಾಗಿ, ಅಲ್ಲೂ ಒಂದು ಗುರುತು ಬಿದ್ದಿತ್ತು.